ಹಳೆಯ ಆಪರೇಟಿಂಗ್ ಸಿಸ್ಟಂಗಳಿಗೆ ಕಂಪನಿಗಳು ಬೆಂಬಲ ಮುಂದುವರಿಸಬೇಕೇ? ಮಲೆನಾಡಿನ ಬಳಕೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಂಗೆ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆ) ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ನಂತರ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಸಹಕಾರ ಸಂಘಗಳವರು, ಮುದ್ರಣಾಲಯದವರು, ಶಾಲೆಯವರು ಮತ್ತು ಮನೆಯಲ್ಲಿ ಒಂದೇ ಕಂಪ್ಯೂಟರ್ ಇಟ್ಟುಕೊಂಡವರು ಕೇಳುತ್ತಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವು ಪ್ರಶ್ನೆಗಳು ತಾಂತ್ರಿಕವಾದವು, ಕೆಲವು ನ್ಯಾಯಕ್ಕೆ ಸಂಬಂಧಿಸಿದವು. ಎರಡನೆಯ ಬಗೆಯ ಪ್ರಶ್ನೆಗಳಿಗೆ ಕೊಟ್ಟಿರುವ ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಸೇರಿದೆ.

ಬೆಂಬಲ ಮುಗಿಯಿತು ಎಂದರೆ ಏನು? ಅಂದಿನಿಂದ ಕಂಪ್ಯೂಟರ್ ನಿಂತುಹೋಗುತ್ತದೆಯೇ?

ನಿಲ್ಲುವುದಿಲ್ಲ. ಮರುದಿನ ಬೆಳಿಗ್ಗೆ ಗುಂಡಿ ಒತ್ತಿದರೆ ಕಂಪ್ಯೂಟರ್ ಎಂದಿನಂತೆಯೇ ತೆರೆದುಕೊಳ್ಳುತ್ತದೆ, ಕಡತಗಳೆಲ್ಲ ಇದ್ದಲ್ಲೇ ಇರುತ್ತವೆ, ಪ್ರಿಂಟರ್ ಕೆಲಸ ಮಾಡುತ್ತದೆ. ನಿಲ್ಲುವುದು ಕಂಪನಿ ಮಾಡುತ್ತಿದ್ದ ದುರಸ್ತಿ ಕೆಲಸ. ಯಾವುದೇ ಆಪರೇಟಿಂಗ್ ಸಿಸ್ಟಂನಲ್ಲಿ ದೋಷಗಳು ಇದ್ದೇ ಇರುತ್ತವೆ; ಅವುಗಳಲ್ಲಿ ಕೆಲವನ್ನು ಬಳಸಿಕೊಂಡು ಹೊರಗಿನವರು ಯಂತ್ರದೊಳಗೆ ನುಗ್ಗಬಹುದು. ಅಂಥ ದೋಷ ಪತ್ತೆಯಾದಾಗ ಕಂಪನಿ ಕಳುಹಿಸುವ ಸಣ್ಣ ತಿದ್ದುಪಡಿಗೆ ಪ್ಯಾಚ್ ಎನ್ನುತ್ತಾರೆ. ಬೆಂಬಲ ಮುಗಿದ ಮೇಲೆ ದೋಷಗಳು ಪತ್ತೆಯಾಗುತ್ತಲೇ ಇರುತ್ತವೆ, ಪ್ಯಾಚ್ ಮಾತ್ರ ಬರುವುದಿಲ್ಲ. ಹೊಸ ಆವೃತ್ತಿಗೆ ಬಿಡುಗಡೆಯಾದ ಪ್ಯಾಚನ್ನು ಬಿಡಿಸಿ ನೋಡಿದವರಿಗೆ ಅದೇ ದೋಷ ಹಳೆಯ ಆವೃತ್ತಿಯಲ್ಲಿ ಎಲ್ಲಿದೆ ಎಂಬುದು ಎಷ್ಟೋ ಸಲ ತಿಳಿದುಬಿಡುವುದರಿಂದ, ಕಾಲ ಕಳೆದಂತೆ ಹಳೆಯ ಸಿಸ್ಟಂನ ಅಪಾಯ ಹೆಚ್ಚುತ್ತಾ ಹೋಗುತ್ತದೆ.

ನಮ್ಮದು ಸಣ್ಣ ಊರಿನ ಕಚೇರಿ. ನಮ್ಮ ಮೇಲೆ ಯಾರು ದಾಳಿ ಮಾಡುತ್ತಾರೆ?

ಯಾರೂ ನಿಮ್ಮನ್ನೇ ಹುಡುಕಿಕೊಂಡು ಬರಬೇಕಾಗಿಲ್ಲ. 2017ರ ಮೇ 12ರಂದು ಹರಡತೊಡಗಿದ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಯಾವ ಊರು, ಯಾವ ಕಚೇರಿ ಎಂದು ನೋಡಲಿಲ್ಲ. ಕಡತ ಹಂಚಿಕೊಳ್ಳುವ ಹಳೆಯ ಸೌಲಭ್ಯವೊಂದರಲ್ಲಿದ್ದ ದೋಷವನ್ನು ಬಳಸಿಕೊಂಡು ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿಯೇ ಹಬ್ಬಿ, 150ಕ್ಕೂ ಹೆಚ್ಚು ದೇಶಗಳಲ್ಲಿ ಕಡತಗಳಿಗೆ ಗೂಢಲಿಪಿಯ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 19,000 ರೋಗಿಗಳ ಭೇಟಿಗಳು ರದ್ದಾದವೆಂದು ಅಲ್ಲಿಯ ಲೆಕ್ಕಪರಿಶೋಧನಾ ಸಂಸ್ಥೆ ಅಂದಾಜಿಸಿತು.

ಈ ಘಟನೆಯನ್ನು ಹಳೆಯದಕ್ಕೆ ಬೆಂಬಲ ಮುಂದುವರಿಸಬೇಕು ಎನ್ನುವವರೂ ಬೇಕಿಲ್ಲ ಎನ್ನುವವರೂ ತಮ್ಮ ವಾದಕ್ಕೆ ಬಳಸಿಕೊಳ್ಳುವುದರಿಂದ ಸ್ವಲ್ಪ ವಿವರವಾಗಿ ನೋಡಬೇಕು. ಆ ದೋಷಕ್ಕೆ ಪ್ಯಾಚ್ 2017ರ ಮಾರ್ಚ್ 14ರಂದೇ, ಅಂದರೆ ದಾಳಿಗೆ ಸುಮಾರು ಎರಡು ತಿಂಗಳ ಮೊದಲೇ ಬಂದಿತ್ತು. ದಾಳಿಗೆ ತುತ್ತಾದ ಯಂತ್ರಗಳಲ್ಲಿ ಬಹುಪಾಲು ಆಗಿನ್ನೂ ಬೆಂಬಲವಿದ್ದ ವಿಂಡೋಸ್ 7ರವು. ಅವುಗಳ ಒಡೆಯರು ಪ್ಯಾಚ್ ಹಾಕಿಕೊಂಡಿರಲಿಲ್ಲ. ಹೀಗಾಗಿ ಎಲ್ಲ ತಪ್ಪನ್ನೂ ಕಂಪನಿಯ ಮೇಲೆ ಹೊರಿಸುವಂತಿಲ್ಲ. ಆದರೆ 2014ರ ಏಪ್ರಿಲ್ 8ರಂದೇ ಬೆಂಬಲ ನಿಂತಿದ್ದ ವಿಂಡೋಸ್ ಎಕ್ಸ್‌ಪಿಗೂ ದಾಳಿಯ ಬೆನ್ನಲ್ಲೇ ಮೈಕ್ರೋಸಾಫ್ಟ್ ಎಲ್ಲರಿಗೂ ಉಚಿತವಾಗಿ ಪ್ಯಾಚ್ ಕೊಟ್ಟಿತು. ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಹಣ ಕೊಡುತ್ತಿದ್ದ ಗ್ರಾಹಕರಿಗೆಂದು ಅದು ಮೊದಲೇ ಸಿದ್ಧವಾಗಿತ್ತು. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ಇನ್ನೊಂದು ದೋಷ ಪತ್ತೆಯಾದಾಗಲೂ ಎಕ್ಸ್‌ಪಿಗೆ ಪ್ಯಾಚ್ ಬಂದಿತು. ಹಳೆಯ ಸಿಸ್ಟಂಗೆ ದುರಸ್ತಿ ಅಸಾಧ್ಯ ಎಂಬ ಮಾತು ಸಂಪೂರ್ಣ ನಿಜವಲ್ಲ ಎಂಬುದಕ್ಕೆ ಇವೆರಡೇ ಸಾಕು.

ಹೊಸ ಕಂಪ್ಯೂಟರ್ ಕೊಂಡರೆ ಸಮಸ್ಯೆ ಮುಗಿಯುವುದಿಲ್ಲವೇ?

ಬೆಂಗಳೂರಿನ ಒಂದು ದೊಡ್ಡ ಕಂಪನಿಗೆ ಬಹುಶಃ ಮುಗಿಯುತ್ತದೆ. ಮಲೆನಾಡಿನ ಕಚೇರಿಗಳಲ್ಲಿ ಕಂಪ್ಯೂಟರ್ ಎಂದರೆ ಪೆಟ್ಟಿಗೆಯೊಂದೇ ಅಲ್ಲ, ಅದಕ್ಕೆ ಅಂಟಿಕೊಂಡು ಬಂದ ಹತ್ತಾರು ವಸ್ತುಗಳೂ ಹೌದು.

ತೀರ್ಥಹಳ್ಳಿ ತಾಲ್ಲೂಕಿನ ಒಂದು ಪತ್ತಿನ ಸಹಕಾರ ಸಂಘದ ಕಚೇರಿಯನ್ನು ಉದಾಹರಣೆಯಾಗಿ ನೋಡೋಣ. ಮೇಜಿನ ಮೇಲೆ ಹಳೆಯ ಕಂಪ್ಯೂಟರ್, ಪಕ್ಕದಲ್ಲಿ ಪಾಸ್‌ಬುಕ್ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಅದರಿಂದ ಕಂಪ್ಯೂಟರಿನ ಹಿಂಬದಿಗೆ ಹೋಗುವ ಅಗಲವಾದ 25 ಪಿನ್ನಿನ ಕೇಬಲ್. ಸದಸ್ಯರ ಸಾಲದ ಖಾತೆ ಹಾಗೂ ಅಡಿಕೆಯ ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಬಗೆಗಳ ಲೆಕ್ಕವಿರುವ ತಂತ್ರಾಂಶವನ್ನು ಶಿವಮೊಗ್ಗದ ಒಬ್ಬರು ಬಹಳ ಹಿಂದೆ, ಲೆಕ್ಕಪಟ್ಟಿಗಳ ತಂತ್ರಾಂಶ ಬರೆಯಲು ಬಳಸುತ್ತಿದ್ದ ಫಾಕ್ಸ್‌ಪ್ರೋದಲ್ಲಿ ಬರೆದುಕೊಟ್ಟಿದ್ದರು. ವಿಂಡೋಸ್‌ಗಿಂತ ಹಿಂದಿನ ಡಾಸ್ ಎಂಬ ಸಿಸ್ಟಂ ಕಾಲದ ಅಂಥ 16 ಬಿಟ್ ತಂತ್ರಾಂಶಗಳು (ಬಿಟ್ ಎಂಬುದು ಪ್ರೊಸೆಸರ್ ಒಮ್ಮೆಗೆ ನಿಭಾಯಿಸುವ ಮಾಹಿತಿಯ ಅಳತೆ) 32 ಬಿಟ್ ವಿಂಡೋಸ್‌ನಲ್ಲಿ ನಡೆಯುತ್ತವೆ, 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ವಿಂಡೋಸ್ 11 ಬರುವುದೇ 64 ಬಿಟ್ ರೂಪದಲ್ಲಿ ಮಾತ್ರ. ಈಗಿನ ಕಂಪ್ಯೂಟರುಗಳಲ್ಲಿ ಆ 25 ಪಿನ್ನಿನ ಕಿಂಡಿಯೂ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಕಂಪ್ಯೂಟರ್ ಬದಲಾಯಿಸಿದರೆ ಪ್ರಿಂಟರ್ ಬದಲಾಗಬೇಕು, ತಂತ್ರಾಂಶ ಬದಲಾಗಬೇಕು, ವರ್ಷಗಟ್ಟಲೆಯ ಖಾತೆಗಳನ್ನು ಹೊಸದಕ್ಕೆ ವರ್ಗಾಯಿಸಿ ಒಂದೊಂದಾಗಿ ತಾಳೆ ನೋಡಬೇಕು. ವಿಂಡೋಸ್ 10ರ ಕೊನೆಯ ದಿನಾಂಕ ಅಕ್ಟೋಬರಿನಲ್ಲಿ, ಅಂದರೆ ಅಡಿಕೆಯ ಕೊನೆ ಕೊಯ್ಲಿನ ಹೊತ್ತಿಗೆ ಬಂದಿತು. ಆ ಸಮಯದಲ್ಲಿ ಸಂಘದ ಗುಮಾಸ್ತರಿಗಾಗಲಿ ಕಾರ್ಯದರ್ಶಿಯವರಿಗಾಗಲಿ ಇಂಥ ಕೆಲಸಕ್ಕೆ ಬಿಡುವು ಸಿಗುವುದಿಲ್ಲ. ಮಾರ್ಚ್ ಬಂತೆಂದರೆ ವರ್ಷಾಂತ್ಯದ ಲೆಕ್ಕ.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಸರ್ಕಾರದ ನೆರವು ಇಲ್ಲದೆ ಇಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 63,000 ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಅದು ಒಳ್ಳೆಯ ಕೆಲಸ. ಆದರೆ ಯೋಜನೆಯ ವ್ಯಾಪ್ತಿಗೆ ಬಾರದ ಸಂಘಗಳು, ಮಹಿಳಾ ಸ್ವಸಹಾಯ ಗುಂಪುಗಳು, ಗ್ರಂಥಾಲಯಗಳು, ಅನುದಾನವಿಲ್ಲದ ಶಾಲೆಗಳು ತಮ್ಮ ಕೈಯಿಂದಲೇ ಖರ್ಚು ಮಾಡಬೇಕಾಗುತ್ತದೆ.

ಇಲ್ಲಿಯ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕರೆಂಟ್ ಹೋಗುವುದು, ಟವರಿನ ಬ್ಯಾಟರಿ ಮುಗಿದು ನೆಟ್‌ವರ್ಕ್ ಇಲ್ಲವಾಗುವುದು ಘಟ್ಟದ ಅಂಚಿನ ಊರುಗಳಲ್ಲಿ ಸಾಮಾನ್ಯ. ಹೊಸ ಆವೃತ್ತಿಗೆ ಏರಲು ಹಲವು ಗಿಗಾಬೈಟ್ ಇಳಿಸಿಕೊಳ್ಳಬೇಕು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಅರ್ಧ ಇಳಿದ ಮೇಲೆ ಸಂಪರ್ಕ ಕಡಿದರೆ ಆ ದಿನದ ಡೇಟಾ ಅಲ್ಲಿಗೇ ಮುಗಿಯಿತು. ಸದಾ ವೇಗದ ಸಂಪರ್ಕ ಇರುತ್ತದೆ ಎಂದು ನಂಬಿ ರೂಪಿಸಿದ ಬೆಂಬಲ ನೀತಿ ಇಂಥ ಊರುಗಳನ್ನು ಗಮನಕ್ಕೇ ತೆಗೆದುಕೊಂಡಿಲ್ಲ ಎಂದು ನಾನು ಬೇಸರದಿಂದಲೇ ಹೇಳುತ್ತೇನೆ.

ಹಳೆಯದನ್ನು ಉಳಿಸಿಕೊಳ್ಳುವುದು ಕಂಪನಿಗಳಿಗೆ ನಿಜವಾಗಿಯೂ ಅಷ್ಟು ಕಷ್ಟವೇ?

ಕಷ್ಟವೇ ಹೌದು, ಅದನ್ನು ಅಲ್ಲಗಳೆಯಬಾರದು. ಒಂದು ದೋಷವನ್ನು ಹೊಸ ಆವೃತ್ತಿಯಲ್ಲಿ ಸರಿಪಡಿಸಿದ ಮಾತ್ರಕ್ಕೆ ಅದೇ ತಿದ್ದುಪಡಿ ಹಳೆಯದಕ್ಕೂ ಹೊಂದುವುದಿಲ್ಲ. ಒಳಗಿನ ರಚನೆ ಬದಲಾಗಿರುತ್ತದೆ, ಆ ಭಾಗ ಬರೆದವರು ಕಂಪನಿ ಬಿಟ್ಟಿರುತ್ತಾರೆ, ಮತ್ತು ಪ್ರತಿ ತಿದ್ದುಪಡಿಯನ್ನೂ ಎಲ್ಲ ಹಳೆಯ ಆವೃತ್ತಿಗಳ ಮೇಲೆ, ಬಗೆಬಗೆಯ ಯಂತ್ರಗಳ ಮೇಲೆ ಪರೀಕ್ಷಿಸಬೇಕಾಗುತ್ತದೆ. ಪರೀಕ್ಷೆಯಿಲ್ಲದೆ ಕಳುಹಿಸಿದ ಪ್ಯಾಚ್ ಕಂಪ್ಯೂಟರನ್ನೇ ನಿಲ್ಲಿಸಿಬಿಡಬಹುದು.

ಕೆಲವು ಹಳೆಯ ವಿನ್ಯಾಸಗಳು ಮೂಲದಲ್ಲೇ ದುರ್ಬಲವಾಗಿವೆ ಎಂಬುದನ್ನೂ ಒಪ್ಪಬೇಕು. ಈಗಿನ ಬ್ಯಾಂಕ್ ಜಾಲತಾಣಗಳು ಕೇಳುವ ಟಿಎಲ್‌ಎಸ್ 1.2 ಎಂಬ ಭದ್ರ ಸಂಪರ್ಕದ ವಿಧಾನ ವಿಂಡೋಸ್ ಎಕ್ಸ್‌ಪಿಯ ಒಳಗೆ ಇಲ್ಲವೇ ಇಲ್ಲ. 2001ರಲ್ಲಿ ಬಂದ ಸಿಸ್ಟಂ ಒಂದನ್ನು ಇಂದಿನ ಅಂತರ್ಜಾಲಕ್ಕೆ ಸುರಕ್ಷಿತವಾಗಿ ಹೊಂದಿಸಬೇಕೆಂದು ಕೇಳಿದರೆ ಅದನ್ನು ಹೊಸದಾಗಿ ಬರೆಯಿರಿ ಎಂದು ಕೇಳಿದಂತೆಯೇ.

ಇದರ ಜೊತೆಗೆ ಅವಲಂಬನೆಯ ಸರಪಳಿಯೂ ಇದೆ. ತಂತ್ರಾಂಶ ಬರೆಯುವವರು ಬಳಸುವ ಉಪಕರಣಗಳೇ ಹಳೆಯದನ್ನು ಕೈಬಿಡುತ್ತವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ 2020ರ ಅಕ್ಟೋಬರಿನ 3.9 ಆವೃತ್ತಿಯಿಂದ ವಿಂಡೋಸ್ 7ನ್ನು ಬಿಟ್ಟಿತು, ಗೋ ಭಾಷೆ 2023ರ ಆಗಸ್ಟಿನಲ್ಲಿ ಬಿಟ್ಟಿತು, ರಸ್ಟ್ 2024ರ ಮೇ ತಿಂಗಳಲ್ಲಿ ಸಾಮಾನ್ಯ ಬೆಂಬಲವನ್ನು ವಿಂಡೋಸ್ 10 ಮತ್ತು ಅದರ ಮೇಲಿನವಕ್ಕೆ ಸೀಮಿತಗೊಳಿಸಿತು. ಆದ್ದರಿಂದ ಶಿವಮೊಗ್ಗದಲ್ಲೇ ಕುಳಿತು ಬಿಲ್ಲಿಂಗ್ ತಂತ್ರಾಂಶ ಬರೆಯುವ ಒಬ್ಬ ಯುವಕ ಹಳೆಯ ಯಂತ್ರಗಳಿಗೂ ಅದನ್ನು ಕೊಡಬೇಕೆಂದು ಬಯಸಿದರೂ ಅವನ ಕೈ ಕಟ್ಟಿಹಾಕಿದಂತಾಗುತ್ತದೆ. ಇಬ್ಬರು ಮೂವರು ಸೇರಿ ನಡೆಸುವ ಸಂಸ್ಥೆಯಿಂದ, ಕೋಟಿಗಟ್ಟಲೆ ಯಂತ್ರಗಳಿಗೆ ಸಿಸ್ಟಂ ಮಾರಿದ ಕಂಪನಿಯಿಂದ ಕೇಳುವಷ್ಟೇ ಬೆಂಬಲವನ್ನು ಕೇಳುವುದು ಸರಿಯಲ್ಲ.

ಹಾಗಾದರೆ ಎಷ್ಟು ವರ್ಷ ಬೆಂಬಲಿಸಬೇಕು ಎನ್ನುತ್ತೀರಿ?

ವರ್ಷದ ಸಂಖ್ಯೆಗಿಂತ ಮೊದಲು ಎರಡು ವಿಷಯಗಳು ಸ್ಪಷ್ಟವಾಗಬೇಕು.

ಮೊದಲನೆಯದು, ಬೆಂಬಲ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳನ್ನು ಸೇರಿಸಲಾಗಿದೆ. ಹೊಸ ಸೌಲಭ್ಯಗಳನ್ನು ಹಳೆಯ ಸಿಸ್ಟಂಗೂ ತರುವುದು ಒಂದು ಕೆಲಸ; ಮಾರಿದ ವಸ್ತುವಿನಲ್ಲಿ ಮೊದಲಿನಿಂದಲೇ ಇದ್ದ ಅಪಾಯಕಾರಿ ದೋಷವನ್ನು ಸರಿಪಡಿಸುವುದು ಇನ್ನೊಂದು. ಮೊದಲನೆಯದನ್ನು ಕಂಪನಿ ಯಾವಾಗ ಬೇಕಾದರೂ ನಿಲ್ಲಿಸಲಿ, ನನ್ನ ಆಕ್ಷೇಪವಿಲ್ಲ. ಎರಡನೆಯದು ಕಂಪನಿ ತೋರುವ ಉಪಕಾರವಲ್ಲ. ದೋಷ ಬಳಕೆದಾರರಿಂದ ಹುಟ್ಟಿದ್ದಲ್ಲ, ತಯಾರಿಕೆಯಲ್ಲಿಯೇ ಉಳಿದುಕೊಂಡದ್ದು; ಅದನ್ನು ತೆಗೆಯುವ ಹೊಣೆ ತಯಾರಿಸಿದವರದು.

ಎರಡನೆಯದು, ಅವಧಿಯನ್ನು ಎಲ್ಲಿಂದ ಎಣಿಸಬೇಕು ಎಂಬುದು. ಕಂಪನಿಗಳು ಸಾಮಾನ್ಯವಾಗಿ ಸಿಸ್ಟಂ ಬಿಡುಗಡೆಯಾದ ದಿನದಿಂದ ಎಣಿಸುತ್ತವೆ. 2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ ಹತ್ತು ವರ್ಷದ ಬೆಂಬಲ ಸಿಕ್ಕಿದೆ ಎಂದರೆ ಉದಾರವಾಗಿಯೇ ಕಾಣುತ್ತದೆ. ಆದರೆ ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯಲ್ಲಿ 2020ರಲ್ಲಿ ಅದೇ ಸಿಸ್ಟಂ ಇದ್ದ ಕಂಪ್ಯೂಟರ್ ಕೊಂಡವರಿಗೆ ಸಿಕ್ಕಿದ್ದು ಐದೇ ವರ್ಷ, ಅವರು ತೆತ್ತದ್ದು ಮಾತ್ರ ಪೂರ್ಣ ಬೆಲೆ. ಹಾಗಾಗಿ ಎಣಿಕೆ ಕೊನೆಯ ಮಾರಾಟದ ದಿನದಿಂದ ಆರಂಭವಾಗಬೇಕು. ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್‌ಗಳಿಗೆ ಆ ದಿನದಿಂದ ಎಂಟು ವರ್ಷ, ಆಸ್ಪತ್ರೆ ಮತ್ತು ಕಾರ್ಖಾನೆಯ ಯಂತ್ರಗಳೊಳಗೆ ಕೂರಿಸಿದ ಸಿಸ್ಟಂಗಳಿಗೆ ಆ ಯಂತ್ರದ ಆಯುಷ್ಯದಷ್ಟು ಕಾಲ ಭದ್ರತಾ ಪ್ಯಾಚ್ ಕೊಡುವುದು ನ್ಯಾಯವೆಂದು ನನಗೆ ತೋರುತ್ತದೆ. ಎಂಟು ಎಂಬುದು ನನ್ನ ಅಂದಾಜು. ಏಳು ಅಥವಾ ಹತ್ತು ಎನ್ನುವವರೊಡನೆ ನನಗೆ ಜಗಳವಿಲ್ಲ. ಕೊನೆಯ ಮಾರಾಟದಿಂದ ಎಣಿಸಬೇಕು ಎಂಬ ವಿಷಯದಲ್ಲಿ ಮಾತ್ರ ನಾನು ಬಿಟ್ಟುಕೊಡಲಾರೆ.

ವಿಂಡೋಸ್ 10 ಇದ್ದ ಎಲ್ಲರೂ ವಿಂಡೋಸ್ 11ಕ್ಕೆ ಉಚಿತವಾಗಿ ಏರಬಹುದಲ್ಲವೇ?

ಎಲ್ಲರೂ ಅಲ್ಲ. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್ ಇದ್ದರೆ ಮಾತ್ರ ಏರಬಹುದು. ಇಂಟೆಲ್‌ನಲ್ಲಿ ಆ ಪಟ್ಟಿ, ಕೆಲವೇ ಅಪವಾದಗಳನ್ನು ಬಿಟ್ಟರೆ, 2017ರಲ್ಲಿ ಬಂದ 8ನೇ ತಲೆಮಾರಿನಿಂದ ಆರಂಭವಾಗುತ್ತದೆ. ಅದಕ್ಕಿಂತ ಹಿಂದಿನ ಐ5, ಐ7 ಯಂತ್ರಗಳು ಲೆಕ್ಕಪತ್ರ, ಪತ್ರ ವ್ಯವಹಾರ, ಅಂತರ್ಜಾಲದ ಕೆಲಸಗಳಿಗೆ ಇಂದಿಗೂ ಸಾಕಷ್ಟು ವೇಗವಾಗಿವೆ. ಟಿಪಿಎಂ ಇದ್ದರೆ ಭದ್ರತೆ ಹೆಚ್ಚುತ್ತದೆ ಎಂಬುದು ನಿಜ. ಆದರೆ ಗಟ್ಟಿಮುಟ್ಟಾದ ಯಂತ್ರವೊಂದಕ್ಕೆ ಮೇಲಿನ ಆವೃತ್ತಿಯೂ ಇಲ್ಲ, ಕೆಳಗಿನದಕ್ಕೆ ಪ್ಯಾಚೂ ಇಲ್ಲ ಎಂದಾಗ, ಹೆಚ್ಚಿನ ಭದ್ರತೆಗಾಗಿ ಮಾಡಿದ ನಿಯಮದಿಂದಲೇ ಲಕ್ಷಾಂತರ ಯಂತ್ರಗಳು ಭದ್ರತೆಯಿಲ್ಲದೆ ಉಳಿಯುತ್ತವೆ. ಎರಡರಲ್ಲಿ ಒಂದನ್ನಾದರೂ ಕಂಪನಿ ತೆರೆದಿಡಬೇಕು.

ಹೆಚ್ಚುವರಿ ಅವಧಿಗೆ ಹಣ ಕೇಳುವುದು ತಪ್ಪೇ?

ಹಣ ಕೇಳುವುದೇ ತಪ್ಪು ಎನ್ನಲಾರೆ. ವಿಂಡೋಸ್ 10ರ ವಿಸ್ತರಿತ ಭದ್ರತಾ ಪ್ಯಾಚ್‌ಗಳನ್ನು ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು. ಕಂಪನಿಯ ಖಾತೆಗೆ ಪ್ರವೇಶಿಸಿ ಸೆಟ್ಟಿಂಗ್‌ಗಳನ್ನು ಅದರಲ್ಲಿ ಬ್ಯಾಕಪ್ (ನಕಲು) ಮಾಡಿಟ್ಟುಕೊಂಡರೆ ಉಚಿತ, ಇಲ್ಲವಾದರೆ 30 ಡಾಲರ್ ಅಥವಾ ಕಂಪನಿಯ 1,000 ಬಹುಮಾನ ಅಂಕಗಳು. ಸಂಸ್ಥೆಗಳಿಗೆ ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಮುಂದೆ ಪ್ರತಿ ವರ್ಷ ದುಪ್ಪಟ್ಟು, ಒಟ್ಟು ಮೂರು ವರ್ಷ. ಶಿಕ್ಷಣ ಸಂಸ್ಥೆಗಳಿಗೆ ಮೂರು ವರ್ಷಕ್ಕೆ ಅನುಕ್ರಮವಾಗಿ 1, 2, 4 ಡಾಲರ್.

ಶಾಲೆಗಳಿಗೆ ಇಟ್ಟ ದರವನ್ನು ನೋಡಿದರೆ ಕಂಪನಿ ಮನಸ್ಸು ಮಾಡಿದಾಗ ಕಡಿಮೆ ದರಕ್ಕೂ ಕೊಡಬಲ್ಲದು ಎಂಬುದು ತಿಳಿಯುತ್ತದೆ. ಪ್ಯಾಚ್ ತಯಾರಾಗುವುದು ಒಮ್ಮೆ. ಅದನ್ನು ಇನ್ನೊಂದು ಯಂತ್ರಕ್ಕೆ ಕಳುಹಿಸುವ ಖರ್ಚು ಅತ್ಯಲ್ಪ. ಹಳ್ಳಿಯ ಸಹಕಾರ ಸಂಘಗಳಿಗೆ, ಸಾರ್ವಜನಿಕ ಗ್ರಂಥಾಲಯಗಳಿಗೆ, ಸಣ್ಣ ಆಸ್ಪತ್ರೆಗಳಿಗೆ ಶಾಲೆಯ ದರವನ್ನೇ ಅನ್ವಯಿಸಬೇಕೆಂದು ಕೇಳುವುದರಲ್ಲಿ ಅತಿರೇಕವೇನೂ ಇಲ್ಲ. ಯುರೋಪಿನ ಆರ್ಥಿಕ ವಲಯದ ಮನೆಬಳಕೆದಾರರಿಗೆ ಬ್ಯಾಕಪ್‌ನ ಷರತ್ತಿಲ್ಲದೆಯೇ ಉಚಿತವಾಗಿ ಕೊಡಲು ಕಂಪನಿ ಒಪ್ಪಿತು. ಅಲ್ಲಿಯ ಗ್ರಾಹಕ ಸಂಘಟನೆಗಳು ಒತ್ತಾಯಿಸಿದ್ದವು. ನಮ್ಮಲ್ಲಿ ಅಂಥ ಒತ್ತಾಯ ಇನ್ನೂ ಗಟ್ಟಿಯಾಗಿ ಕೇಳಿಬಂದಿಲ್ಲ.

ಸಿಸ್ಟಂಗೆ ಬೆಂಬಲ ನಿಂತರೂ ಬ್ರೌಸರ್ ಹೊಸದಾಗಿದ್ದರೆ ಸಾಕಲ್ಲವೇ?

ಬಹಳಷ್ಟು ಸಹಾಯವಾಗುತ್ತದೆ, ಏಕೆಂದರೆ ಹೊರಗಿನ ಅಪಾಯಗಳಲ್ಲಿ ದೊಡ್ಡ ಪಾಲು ಬ್ರೌಸರ್ ಮತ್ತು ಇಮೇಲ್ ಮೂಲಕ ಒಳಬರುತ್ತದೆ. ಗೂಗಲ್ ಕ್ರೋಮ್ ವಿಂಡೋಸ್ 7 ಮತ್ತು 8.1ಕ್ಕೆ 109ನೇ ಆವೃತ್ತಿಯೊಂದಿಗೆ 2023ರ ಆರಂಭದಲ್ಲಿ ಬೆಂಬಲ ನಿಲ್ಲಿಸಿತು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ, 2023ರ ಜುಲೈನಲ್ಲಿ ಬಂದ 115ನೇ ವಿಸ್ತರಿತ ಆವೃತ್ತಿಗೆ ಅದೇ ಹಳೆಯ ಸಿಸ್ಟಂಗಳಲ್ಲಿ ಭದ್ರತಾ ಪ್ಯಾಚ್ ಕೊಡುವ ಅವಧಿಯನ್ನು ಹಲವು ಬಾರಿ ವಿಸ್ತರಿಸಿತು. ಗೂಗಲ್‌ಗಿಂತ ಎಷ್ಟೋ ಚಿಕ್ಕದಾದ ಸಂಸ್ಥೆ ಹೀಗೆ ಮಾಡಿ ತೋರಿಸಿದ್ದು ಗಮನಾರ್ಹ. ಹೊಸ ಸೌಲಭ್ಯಗಳಿಲ್ಲ, ಪ್ಯಾಚ್ ಮಾತ್ರ ಇದೆ: ನಾನು ಮೇಲೆ ಹೇಳಿದ ವಿಂಗಡಣೆ ಕಾರ್ಯರೂಪದಲ್ಲಿ ಕಾಣುವುದು ಹೀಗೆ. ಆದರೂ ಸಿಸ್ಟಂನ ತಳದಲ್ಲಿರುವ ದೋಷವನ್ನು ಬ್ರೌಸರ್ ಮುಚ್ಚಲಾರದು.

ಕನ್ನಡದ ಹಳೆಯ ಕಡತಗಳಿಗೂ ಹಳೆಯ ಸಿಸ್ಟಂಗೂ ಏನು ಸಂಬಂಧ?

ಇದು ಕನ್ನಡದಂಥ ಭಾಷೆಗಳಿಗೆ ವಿಶೇಷವಾದ ತೊಡಕು. ಎಲ್ಲ ಭಾಷೆಗಳ ಅಕ್ಷರಗಳಿಗೂ ಜಗತ್ತಿನಾದ್ಯಂತ ಒಂದೇ ಸಂಕೇತ ಕೊಡುವ ಯೂನಿಕೋಡ್ ರೂಢಿಗೆ ಬರುವ ಮೊದಲು ಕನ್ನಡವನ್ನು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಫಾಂಟ್‌ಗಳಲ್ಲಿ ಅಳವಡಿಸುತ್ತಿದ್ದರು. ಕಡತದೊಳಗೆ ಇರುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಫಾಂಟ್ ಅವುಗಳಿಗೆ ಕನ್ನಡದ ರೂಪ ತೊಡಿಸುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಮುದ್ರಣಾಲಯಗಳು ಇಂದಿಗೂ ಪುಟ ವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್ ಬಿಡದಿರಲು ಇದೂ ಒಂದು ಕಾರಣ: ಅಡೋಬಿ ಕಂಪನಿ 2001ರಲ್ಲಿ ತಂದ 7ನೇ ಆವೃತ್ತಿಯೇ ಅದರ ಕೊನೆಯದು, ಅದು ಯೂನಿಕೋಡ್ ಕನ್ನಡವನ್ನು ಅರಿಯದು, ಆದರೆ ಹಳೆಯ ಫಾಂಟ್‌ಗಳೊಂದಿಗೆ ಚೆನ್ನಾಗಿ ನಡೆಯುತ್ತದೆ. ಮದುವೆಯ ಆಮಂತ್ರಣ, ಜಾತ್ರೆಯ ಕರಪತ್ರ, ಸಂಘದ ವಾರ್ಷಿಕ ವರದಿಗಳ ಮಾದರಿಗಳೆಲ್ಲ ಅದರಲ್ಲೇ ಇವೆ. ಅದಕ್ಕೊಂದು ಹಳೆಯ ವಿಂಡೋಸ್, ಅದಕ್ಕೊಂದು ಹಳೆಯ ಯಂತ್ರ.

ಪರಿವರ್ತಕ ತಂತ್ರಾಂಶಗಳು ಲಭ್ಯವಿವೆ, ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ತರುತ್ತವೆ. ಆದರೆ ಅರ್ಕಾವತ್ತು ಇರುವ ಪದಗಳಲ್ಲಿ, ಒತ್ತಕ್ಷರದ ಮೇಲೆ ಒತ್ತಕ್ಷರ ಬರುವಲ್ಲಿ, ನಡುವೆ ಇಂಗ್ಲಿಷ್ ಪದ ಅಥವಾ ಅಂಕಿಗಳಿರುವಲ್ಲಿ ತಪ್ಪುಗಳು ನುಸುಳುತ್ತವೆ. "ಸರ್ಕಾರ", "ವರ್ಷ", "ಕಾರ್ಯದರ್ಶಿ" ಎಂಬಂಥ ಪದಗಳು ಪ್ರತಿ ಪುಟದಲ್ಲೂ ಬರುವುದರಿಂದ ಕಣ್ಣಿಟ್ಟು ಓದದೆ ಉಪಾಯವಿಲ್ಲ. ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಈ ಕೆಲಸ ಮಾಡಬೇಕು, ಏಕೆಂದರೆ ಮೂಲ ಹೇಗಿತ್ತೆಂದು ಪಕ್ಕದಲ್ಲಿಟ್ಟು ನೋಡಲು ಅದೇ ಬೇಕಾಗುತ್ತದೆ. ಮೊದಲು ಪ್ರತಿ ಕಡತದ ಪಿಡಿಎಫ್ ಮಾಡಿಟ್ಟುಕೊಳ್ಳಿ, ಪಠ್ಯವನ್ನು ಆಮೇಲೆ ಪರಿವರ್ತಿಸಿ.

ತಂತ್ರಾಂಶ ಕಂಪನಿಗಳಿಗೆ ಇಲ್ಲಿಯೂ ಒಂದು ಕರ್ತವ್ಯವಿದೆ. ಒಂದು ಉತ್ಪನ್ನವನ್ನು ಕೈಬಿಡುವಾಗ ಅದರ ಕಡತದ ರಚನೆಯನ್ನು ಬಹಿರಂಗಗೊಳಿಸಬೇಕು, ಕೊನೆಯ ಆವೃತ್ತಿಯನ್ನು ಇಳಿಸಿಕೊಳ್ಳಲು ಬಿಡಬೇಕು, ಮತ್ತು ಪರವಾನಗಿ ಪರಿಶೀಲಿಸಿ ಅದನ್ನು ಸಕ್ರಿಯಗೊಳಿಸುವ ಸರ್ವರ್ ಮುಚ್ಚುವ ಮೊದಲು ಅದರ ಅಗತ್ಯವಿಲ್ಲದೆ ನಡೆಯುವಂತೆ ಮಾಡಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ. ಒಂದು ಭಾಷೆಯ ಬರವಣಿಗೆ ಕಳೆದುಹೋಗದಂತೆ ತಡೆಯಲು ಇಷ್ಟು ಮಾಡಿದರೆ ಬಹಳವಾಯಿತು.

ಮೊಬೈಲ್ ಫೋನ್‌ಗಳ ಸ್ಥಿತಿ ಹೇಗಿದೆ?

ಸುಧಾರಿಸುತ್ತಿದೆ. 2013ರಲ್ಲಿ ಬಂದ ಐಫೋನ್ 5ಎಸ್‌ಗೆ ಆಪಲ್ 2023ರ ಜನವರಿಯಲ್ಲೂ ಭದ್ರತಾ ಪ್ಯಾಚ್ ಕೊಟ್ಟಿತು. ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷಗಳ ಭರವಸೆ ನೀಡಿವೆ. ಇವೆಲ್ಲ ದುಬಾರಿ ಫೋನ್‌ಗಳು. ನಮ್ಮಲ್ಲಿ ಹೆಚ್ಚಿನವರು ಕೊಳ್ಳುವ ಹತ್ತು ಹನ್ನೆರಡು ಸಾವಿರ ರೂಪಾಯಿಯ ಫೋನ್‌ಗಳಿಗೆ ಭರವಸೆ ಅದಕ್ಕಿಂತ ಎಷ್ಟೋ ಕಡಿಮೆ.

ಇದರ ಬಗ್ಗೆ ಕಾನೂನು ಏನು ಹೇಳುತ್ತದೆ?

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಅಂತರ್ಜಾಲಕ್ಕೆ ಸೇರುವ ಗ್ರಾಹಕ ಉಪಕರಣಗಳಿಗೆ ಭದ್ರತಾ ಪ್ಯಾಚ್ ಕನಿಷ್ಠ ಎಷ್ಟು ಕಾಲ ಸಿಗುತ್ತದೆ ಎಂದು ತಯಾರಕರು ಪ್ರಕಟಿಸಲೇಬೇಕು. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್‌ಗಳಿಗೆ, ಆ ಮಾದರಿಯನ್ನು ಮಾರುಕಟ್ಟೆಗೆ ಬಿಡುವುದು ಕೊನೆಗೊಂಡ ದಿನದಿಂದ ಐದು ವರ್ಷ ಅಪ್‌ಡೇಟ್‌ಗಳು ಲಭ್ಯವಿರಬೇಕೆಂಬ ನಿಯಮ ಬಂದಿದೆ. ಕೊನೆಯ ಮಾರಾಟದಿಂದ ಎಣಿಸುವ ತತ್ವ ಅಲ್ಲಿ ಆಗಲೇ ಕಾನೂನಾಗಿದೆ ಎಂದರ್ಥ. ಡಿಜಿಟಲ್ ಉತ್ಪನ್ನಗಳ ಭದ್ರತೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ಅಲ್ಲಿಯ ಸೈಬರ್ ಸ್ಥಿತಿಸ್ಥಾಪಕತ್ವ ಕಾಯಿದೆಯ ಮುಖ್ಯ ಕಟ್ಟಳೆಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗಲಿದ್ದು, ತಂತ್ರಾಂಶಗಳನ್ನೂ ಒಳಗೊಂಡಿವೆ.

ಭಾರತದಲ್ಲಿ ಇಷ್ಟು ವರ್ಷ ಪ್ಯಾಚ್ ಕೊಡಲೇಬೇಕೆಂದು ಎಲ್ಲ ತಯಾರಕರಿಗೂ ಅನ್ವಯವಾಗುವ ಕಾನೂನು ಇಲ್ಲ. ನಿಯಂತ್ರಕರು ಬಳಕೆದಾರರ ಕಡೆಯಿಂದ ಒತ್ತಡ ಹಾಕಿದ ಉದಾಹರಣೆ ಮಾತ್ರ ಇದೆ: ಹಳೆಯ ವಿಂಡೋಸ್‌ನಲ್ಲಿ ನಡೆಯುತ್ತಿದ್ದ ಎಟಿಎಂಗಳನ್ನೆಲ್ಲ 2019ರ ಜೂನ್ ಒಳಗೆ ಬೆಂಬಲವಿರುವ ಆವೃತ್ತಿಗೆ ತರಬೇಕೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆಯಿತು. ಕೃಷಿ ಉಪಕರಣಗಳು, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತುಗಳು, ವಾಹನಗಳು ಅದರ ವ್ಯಾಪ್ತಿಯಲ್ಲಿವೆ. ದುರಸ್ತಿ ಎಂದರೆ ಬಿಡಿಭಾಗ ಮಾತ್ರವಲ್ಲ, ಭದ್ರತಾ ಪ್ಯಾಚೂ ದುರಸ್ತಿಯೇ ಎಂದು ಆ ಹಕ್ಕಿನ ಅರ್ಥ ವಿಸ್ತಾರವಾಗಬೇಕು.

ಲಿನಕ್ಸ್‌ಗೆ ಬದಲಾಯಿಸಿಕೊಳ್ಳಬಹುದೇ?

ಲಿನಕ್ಸ್ ಎಂದರೆ ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಂ; ಅನೇಕರು ಅದಕ್ಕೆ ಬದಲಾಯಿಸಿಕೊಳ್ಳಬಹುದು. ಅದರ ಒಂದು ರೂಪವಾದ ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ ಪ್ಯಾಚ್ ಬರುತ್ತದೆ, ಉಬುಂಟು ಪ್ರೊಗೆ ನೋಂದಾಯಿಸಿದರೆ ಹತ್ತು ವರ್ಷ. ವೈಯಕ್ತಿಕ ಬಳಕೆಯ ಐದು ಯಂತ್ರಗಳವರೆಗೆ ಆ ನೋಂದಣಿ ಉಚಿತ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್ ಮೇಲೆಯೇ ನಡೆಯುತ್ತಿವೆ. ಕನ್ನಡಕ್ಕೆ ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಬರುತ್ತದೆ, ಹೆಚ್ಚಿನದೇನನ್ನೂ ಹಾಕಬೇಕಾಗಿಲ್ಲ.

ಆದರೆ ಇಲ್ಲಿಯೂ ಎಲ್ಲಕ್ಕೂ ಕೊನೆಯಿಲ್ಲದ ಬೆಂಬಲ ಸಿಗುವುದಿಲ್ಲ. ಲಿನಕ್ಸ್‌ನ ಇನ್ನೊಂದು ರೂಪವಾದ, 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ. ಜೊತೆಗೆ ನಿಮ್ಮ ಲೆಕ್ಕಪತ್ರ ತಂತ್ರಾಂಶ, ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ, ಪಾಸ್‌ಬುಕ್ ಪ್ರಿಂಟರ್ ಇವೆಲ್ಲ ಅದರಲ್ಲಿ ನಡೆಯುತ್ತವೆಯೇ ಎಂದು ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ ಮೊದಲು ಪರೀಕ್ಷಿಸಿ. ಶಾಲೆ, ಗ್ರಂಥಾಲಯ ಮತ್ತು ಮನೆಗಳಿಗೆ ನಾನು ಧೈರ್ಯವಾಗಿ ಸಲಹೆ ಮಾಡುತ್ತೇನೆ. ಸಂಘದ ಕಚೇರಿಗೆ ಮಾತ್ರ ಪರೀಕ್ಷೆ ಮಾಡಿದ ಮೇಲೆ.

ಸದ್ಯಕ್ಕೆ ಹಳೆಯ ಯಂತ್ರವನ್ನೇ ಬಳಸಬೇಕಾಗಿದೆ. ಏನು ಮುನ್ನೆಚ್ಚರಿಕೆ ವಹಿಸಬೇಕು?

ಎಲ್ಲಕ್ಕಿಂತ ಮೊದಲು ಅದಕ್ಕೆ ಅಂತರ್ಜಾಲ ಬೇಕೇ ಎಂದು ಕೇಳಿಕೊಳ್ಳಿ. ಪಾಸ್‌ಬುಕ್ ಮುದ್ರಿಸುವ, ಪೇಜ್‌ಮೇಕರ್ ನಡೆಸುವ, ತೂಕದ ಯಂತ್ರದಿಂದ ಅಂಕಿ ತೆಗೆದುಕೊಳ್ಳುವ ಕಂಪ್ಯೂಟರಿಗೆ ಬೇಕಾಗಿಲ್ಲದಿದ್ದರೆ ಕೇಬಲ್ ಕಿತ್ತುಬಿಡಿ, ವೈಫೈ ಆರಿಸಿಬಿಡಿ. ಅರ್ಧಕ್ಕಿಂತ ಹೆಚ್ಚು ಅಪಾಯ ಅಲ್ಲಿಗೇ ದೂರವಾಗುತ್ತದೆ. ಬ್ಯಾಂಕ್ ವ್ಯವಹಾರ ಮತ್ತು ಇಮೇಲ್‌ಗೆ ಬೆಂಬಲವಿರುವ ಬೇರೆ ಯಂತ್ರ ಅಥವಾ ಫೋನ್ ಬಳಸಿ. ಇನ್ನುಳಿದ ಅಪಾಯ ಹೆಚ್ಚಾಗಿ ಪೆನ್‌ಡ್ರೈವ್ ಮೂಲಕ ಬರುತ್ತದೆ: ಗ್ರಾಹಕರು ತಂದುಕೊಟ್ಟದ್ದನ್ನು ಮೊದಲು ಬೇರೆ ಯಂತ್ರದಲ್ಲಿ ಪರಿಶೀಲಿಸದೆ ಹಳೆಯ ಕಂಪ್ಯೂಟರಿಗೆ ಚುಚ್ಚಬೇಡಿ. ಪ್ರತಿದಿನದ ಕೆಲಸಕ್ಕೆ ನಿರ್ವಾಹಕ ಖಾತೆಯ ಬದಲು ಸಾಮಾನ್ಯ ಖಾತೆ ಬಳಸಿ.

ಬ್ಯಾಕಪ್ ತೆಗೆದ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಯಂತ್ರದಿಂದ ಬೇರ್ಪಡಿಸಿ ಇನ್ನೊಂದು ಕಟ್ಟಡದಲ್ಲಿಡಿ. ಇದು ದುಷ್ಟ ತಂತ್ರಾಂಶದಿಂದಲೂ ಸಿಡಿಲಿನಿಂದಲೂ ರಕ್ಷಣೆ. ಮಳೆಗಾಲದಲ್ಲಿ ತೇವ ತಾಗದಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುವುದು ಒಳ್ಳೆಯದು. ತಿಂಗಳಿಗೊಮ್ಮೆ ಒಂದು ಕಡತವನ್ನಾದರೂ ಬ್ಯಾಕಪ್‌ನಿಂದ ತೆರೆದು ನೋಡಿ.

ಮುಂದೆ ಕಂಪ್ಯೂಟರ್ ಅಥವಾ ತಂತ್ರಾಂಶ ಕೊಳ್ಳುವಾಗ ಏನನ್ನು ಕೇಳಬೇಕು?

ಭದ್ರತಾ ಪ್ಯಾಚ್ ಯಾವ ದಿನಾಂಕದವರೆಗೆ ಬರುತ್ತದೆ ಎಂದು ಕೇಳಿ, ಉತ್ತರವನ್ನು ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕಂಪನಿಯಿಂದ ತಿಳಿದು ಹೇಳಲು ಸಮಯ ಕೊಡಿ. ಹೇಳಲು ಒಪ್ಪದಿದ್ದರೆ ಬೇರೆ ಮಾದರಿ ನೋಡಿ. ತಂತ್ರಾಂಶ ಬರೆಸುವಾಗ ಖಾತೆಗಳನ್ನು ಎಕ್ಸೆಲ್ ಅಥವಾ ಸಾದಾ ಪಠ್ಯ ರೂಪದಲ್ಲಿ ಪೂರ್ತಿಯಾಗಿ ಹೊರತೆಗೆಯುವ ಸೌಲಭ್ಯ, ಮತ್ತು ಬರೆದವರು ಕೆಲಸ ಬಿಟ್ಟರೆ ಮೂಲ ಕೋಡ್ ಸಂಘಕ್ಕೆ ಸಿಗಬೇಕೆಂಬ ಷರತ್ತು ಕರಾರಿನಲ್ಲಿರಲಿ. ಸಂಘದ ವಾರ್ಷಿಕ ಆಯವ್ಯಯದಲ್ಲಿ ಕಂಪ್ಯೂಟರ್ ಬದಲಾವಣೆಗೆಂದು ಪ್ರತಿ ವರ್ಷ ಸ್ವಲ್ಪ ಮೊತ್ತ ತೆಗೆದಿಡುವ ನಿರ್ಣಯವನ್ನು ಸರ್ವ ಸದಸ್ಯರ ಸಭೆಯಲ್ಲೇ ಅಂಗೀಕರಿಸಿ. ಜಿಲ್ಲೆಯ ಹಲವು ಸಂಘಗಳು ಒಟ್ಟಾಗಿ ಒಂದೇ ಟೆಂಡರ್ ಕರೆದು, ಬೆಂಬಲದ ಕೊನೆಯ ದಿನಾಂಕವನ್ನು ಅದರಲ್ಲೇ ಷರತ್ತಾಗಿ ಸೇರಿಸಿದರೆ, ಒಂದು ಕಂಪ್ಯೂಟರ್ ಕೊಳ್ಳುವ ಸಂಘಕ್ಕೆ ಸಿಗದ ಉತ್ತರ ನೂರು ಕಂಪ್ಯೂಟರ್ ಕೊಳ್ಳುವ ಗುಂಪಿಗೆ ಸಿಗುತ್ತದೆ.